ವಾಲ್ಡ್‌ಸ್ಟಾಟ್‌ನ ಹಿತ್ತಲಲ್ಲಿ ಏನು ಬೆಳೆಯಬಹುದು?

ಜರ್ಮನಿಯ ಕಾರ್ಲ್ಸ್‌ರೂಹೆ ನಗರದ ವಾಲ್ಡ್‌ಸ್ಟಾಟ್‌ ಬಡಾವಣೆಯಲ್ಲಿ ನೆಲಮಹಡಿ ಮನೆ ಸಿಕ್ಕಿದೆ, ಹಿಂದೆಯೇ ಕಾಡು, ಮೆಂತ್ಯ, ಟೊಮೇಟೊ, ಅವರೆ ಹಾಕಬಹುದಾ ಅಂತ ಕೇಳಿದ್ದೀರಿ. ಖಂಡಿತ ಹಾಕಿ. ಮೊದಲು ಮನೆ ಮಾಲೀಕರನ್ನು ಕೇಳಿ, ಆಮೇಲೆ ಅಗೆಯಿರಿ.

ಆ ಬಡಾವಣೆ ಶುರುವಾಗಿದ್ದು 1957ರಲ್ಲಿ, ಹಾರ್ಟ್‌ವಾಲ್ಡ್ ಕಾಡಿನ ಜಾಗದಲ್ಲಿ. ಎಷ್ಟೋ ಕಡೆ ಮರಗಳನ್ನು ಹಾಗೇ ಉಳಿಸಿಕೊಂಡು ನಡುವೆ ಮನೆ ಕಟ್ಟಿದ್ದಾರೆ. ವಾಸಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇಕಾ? ಆದರೆ ತರಕಾರಿಗೆ ನೆರಳು ಜಾಸ್ತಿ. ಮಣ್ಣು ರೈನ್ ನದಿ ಬಯಲಿನ ಮರಳು, ನೀರು ಹಿಡಿಯುವುದಿಲ್ಲ. ಬೇಸಿಗೆಯೂ ಜೋರು. 2003ರ ಆಗಸ್ಟ್‌ನಲ್ಲಿ ಕಾರ್ಲ್ಸ್‌ರೂಹೆಯಲ್ಲಿ 40.2 ಡಿಗ್ರಿ ದಾಖಲಾಗಿತ್ತು. ಕಾಂಪೋಸ್ಟ್ ಧಾರಾಳವಾಗಿ ಸೇರಿಸಿ, ಮೇಲೆ ಒಣ ಎಲೆಯ ಹೊದಿಕೆ ಹಾಕಿ.

ನನಗೆ ನಿಜವಾಗಿ ಚಿಂತೆ ಇರುವುದು ಗೊಣ್ಣೆಹುಳುವಿನದು. ವಾಲ್ಡ್‌ಮೈಕೇಫರ್ ಅನ್ನುವ ಕಾಡುದುಂಬಿ ಹಾರ್ಟ್‌ವಾಲ್ಡ್‌ನ ಹಳೇ ಪಿಡುಗು. ಅದರ ಮರಿಹುಳುವೇ ಈ ಗೊಣ್ಣೆಹುಳು, ಮೂರ್ನಾಲ್ಕು ವರ್ಷ ಮಣ್ಣೊಳಗೇ ಇದ್ದು ಬೇರು ತಿನ್ನುತ್ತದೆ. ಮಲೆನಾಡಿನಲ್ಲಿ ಅಡಿಕೆಗೆ ಬೇರುಹುಳು ಬಿದ್ದಿದ್ದು ನೋಡಿದವರಿಗೆ ಇದರ ಕಾಟ ಗೊತ್ತು. ನೀರಿದ್ದೂ ಸಸಿ ಬಾಡಿದರೆ ಸುಮ್ನೆ ಇನ್ನಷ್ಟು ನೀರು ಹಾಕಬೇಡಿ, ಬುಡ ಕೆದಕಿ ನೋಡಿ. ಬಾಗಿಕೊಂಡ ಬಿಳಿ ಹುಳು ಸಿಕ್ಕರೆ ಕೈಯಿಂದಲೇ ಆರಿಸಿ ತೆಗೆಯಿರಿ. ದುಂಬಿ ಹಾರುವ ವರ್ಷ ಏಪ್ರಿಲ್ ಕೊನೆಯಿಂದ ಮೇ ತನಕ ಮಡಿಯ ಮೇಲೆ ಸಣ್ಣ ಕಣ್ಣಿನ ಬಲೆ ಬಿಗಿಯಾಗಿ ಹಾಸಿ. ಹೆಣ್ಣು ದುಂಬಿ ಮಣ್ಣಿಗಿಳಿದು ಮೊಟ್ಟೆ ಇಡುವುದು ತಪ್ಪುತ್ತದೆ.

ಮೆಂತ್ಯ, ಕೊತ್ತಂಬರಿಯನ್ನು ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಬಿತ್ತಿ. ಜೂನ್‌ನಲ್ಲಿ ಹಗಲು ಹದಿನಾರು ಗಂಟೆ, ಎಲೆ ಬರುವ ಮೊದಲೇ ಹೂ ಬಿಡುತ್ತವೆ. ಟೊಮೇಟೊಗೆ ದೊಡ್ಡ ಕುಂಡ, ಬಿಸಿಲು ಬೀಳುವ ಗೋಡೆ. ಮೇ 15 ದಾಟಿದ ಮೇಲೆ ಹೊರಗಿಡಿ, ಅಲ್ಲಿವರೆಗೆ ರಾತ್ರಿ ಹಿಮ ಬೀಳಬಹುದು.

ಅವರೆ ವಿಷಯಕ್ಕೆ ಬರೋಣ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೆ ಹೂ ಬಿಡುತ್ತದೆ. ಕಾಯಿ ಬಲಿಯುವಷ್ಟರಲ್ಲಿ ಅಲ್ಲಿ ಚಳಿ ಕೊಂದುಹಾಕುತ್ತದೆ. ಹೆಬ್ಬಾಳ ಅವರೆ 3 ಮತ್ತು 4 ಎಂಬ ತಳಿಗಳು ಹಗಲಿನ ಉದ್ದ ನೋಡುವುದಿಲ್ಲ, ಪೊದೆಯಾಗಿ ಕುಂಡದಲ್ಲೂ ಬರುತ್ತವೆ. ಆದರೆ ಊರಿಂದ ಬಿತ್ತನೆ ಬೀಜ ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬ್ಯಾಗಲ್ಲಿ ಹಾಗೇ ಹಾಕಿಕೊಂಡು ಬರಬೇಡಿ.

ಇನ್ನೊಂದು ಮಾತು, ರಕ್ತ ಹೀರುವ ಉಣ್ಣೆ ಹುಳು (ಉಣುಗು). ಅವು ಮಿದುಳಿನ ಉರಿಯೂತ ತರುವ ಎಫ್‌ಎಸ್‌ಎಂಇ ವೈರಸ್ ಹರಡುತ್ತವೆ, ಕಾರ್ಲ್ಸ್‌ರೂಹೆ ಆ ಅಪಾಯದ ಪ್ರದೇಶದಲ್ಲಿದೆ. ಮನೆಯವರೆಲ್ಲ ಲಸಿಕೆ ಹಾಕಿಸಿಕೊಳ್ಳಿ. ತೋಟದಿಂದ ಬಂದ ಮೇಲೆ ಮಕ್ಕಳ ಮಂಡಿಸಂದು, ಕಂಕುಳು, ಕಿವಿ ಹಿಂದೆ ನೋಡಿ. ಉಣ್ಣೆಯೇ ಹರಡುವ ಇನ್ನೊಂದು ರೋಗ ಲೈಮ್ ಕಾಯಿಲೆಗೆ ಈ ಲಸಿಕೆ ಕೆಲಸ ಮಾಡುವುದಿಲ್ಲ, ಹಾಗಾಗಿ ಲಸಿಕೆ ಆದ ಮೇಲೂ ಹುಡುಕುವುದು ಬಿಡಬೇಡಿ.

ಹಿತ್ತಲಿಗೆ ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ ಅಂತ ಬರೆಯಿರಿ. ಟೊಮೇಟೊ ಎಲ್ಲಿಡಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.