ಆಪ್ತಸಲಹೆ ಪ್ರಕರಣ: ಓದು ಬಿಡುವ ಅರ್ಜಿ ಬರೆದಿಟ್ಟಿದ್ದ ಶಿಕ್ಷಕಿ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರು, ಊರು, ಸಂಸ್ಥೆ ಯಾವುದೂ ಇಲ್ಲಿಲ್ಲ.

ಅವರು ವಿಜ್ಞಾನ ಶಿಕ್ಷಕಿ. ಪಾಠ ಮಾಡಲು ಶುರುಮಾಡಿ ಹದಿನೈದು ವರ್ಷ ಆಗಿತ್ತು. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಶಿಕ್ಷಣಶಾಸ್ತ್ರದ ಸ್ನಾತಕೋತ್ತರ ಪದವಿಗೆ ಸೇರಿದ್ದರು. ಎರಡನೇ ಸೆಮಿಸ್ಟರ್ ನಡೆಯುತ್ತಿತ್ತು. ಎರಡು ಅಸೈನ್‌ಮೆಂಟ್‌ಗಳ ಗಡುವು ಮುಗಿದುಹೋಗಿತ್ತು. ಕೋರ್ಸ್ ಬಿಡುವುದಾಗಿ ಅರ್ಜಿ ಬರೆದಿಟ್ಟಿದ್ದರು, ಕಳಿಸಿರಲಿಲ್ಲ. "ಈ ವಯಸ್ಸಿಗೆ ನನ್ನ ತಲೆಗೆ ಓದು ಹತ್ತಲ್ಲ ಮೇಡಂ. ಮಕ್ಕಳಿಗೆ ಮಾತ್ರ ಪ್ರಯತ್ನ ಬಿಡಬೇಡಿ ಅಂತೀನಿ" ಎಂದು ಕಣ್ಣೊರೆಸಿಕೊಂಡರು.

ಮೊದಲು ನಿದ್ದೆ, ಊಟ, ಮನಸ್ಸಿನ ಉತ್ಸಾಹದ ಬಗ್ಗೆ ಕೇಳಿದೆ. ನಿದ್ದೆ ಕಡಿಮೆಯಾಗಿತ್ತು, ನಿಜ. ಆದರೆ ತರಗತಿಯ ಮಾತು ಬಂದ ಕೂಡಲೇ ಮುಖ ಅರಳುತ್ತಿತ್ತು. ಮಕ್ಕಳ ಜೊತೆಗಿನ ಸಂತೋಷ ಹಾಗೇ ಉಳಿದಿತ್ತು. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ತೊಂದರೆ ಓದಿನ ಸುತ್ತಲೇ ಇತ್ತು. ಹಾಗಾಗಿ ಅರ್ಜಿಯನ್ನು ಎರಡು ವಾರ ಕಳಿಸಬೇಡಿ ಎಂದಷ್ಟೇ ಕೇಳಿಕೊಂಡೆ.

ಮುಂದಿನ ಭೇಟಿಯಲ್ಲಿ ಲೆಕ್ಕ ಹಾಕಲು ಕೂತೆವು. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ. ಓದುವುದು, ಬರೆಯುವುದು, ಪರೀಕ್ಷೆಗೆ ತಯಾರಾಗುವುದು ಎಲ್ಲವೂ ಅದರಲ್ಲಿ ಸೇರಿದೆ. ಇವರ ಕೋರ್ಸಿನಲ್ಲೂ ಅಳತೆ ಅಂಥದ್ದೇ. ಸೆಮಿಸ್ಟರಿಗೆ ಹತ್ತು ಕ್ರೆಡಿಟ್‌ಗಳ ಎರಡು ಪತ್ರಿಕೆ ತೆಗೆದುಕೊಂಡಿದ್ದರು. ಕಡಿಮೆ ಎಂದರೂ 500 ಗಂಟೆ. ಇಪ್ಪತ್ತು ವಾರಕ್ಕೆ ಹಂಚಿದರೆ ವಾರಕ್ಕೆ 25 ಗಂಟೆ. ಅವರಿಗೆ ನಿಜವಾಗಿ ಸಿಗುತ್ತಿದ್ದದ್ದು ರಜಾದಿನದ ಆರು ಗಂಟೆ ಮಾತ್ರ. ಉಳಿದ ದಿನ ನೋಟ್‌ಬುಕ್ ತಿದ್ದಿ, ಮರುದಿನದ ಪಾಠಯೋಜನೆ ಬರೆದು ಮುಗಿಸುವಷ್ಟರಲ್ಲಿ ರಾತ್ರಿ ಆಗುತ್ತಿತ್ತು.

ಅವರು ಕಾಗದವನ್ನೇ ನೋಡುತ್ತಾ ಕೂತರು. "ಹಾಗಾದ್ರೆ ಇದು ಯಾರಿಂದಲೂ ಆಗ್ತಿರಲಿಲ್ಲ, ಅಲ್ವಾ?" ಎಂದರು. ಹೌದು, ಆಗುತ್ತಿರಲಿಲ್ಲ. ಪೂರ್ಣಾವಧಿ ಕೆಲಸದ ಮೇಲೆ ಇಷ್ಟೊಂದು ಹೊರೆ ಹೊತ್ತುಕೊಂಡು ಸೋತವರು ತಮ್ಮ ಬುದ್ಧಿಯನ್ನೇ ಬೈದುಕೊಳ್ಳುವುದನ್ನು ನೋಡಿದಾಗ ನನಗೆ ತುಂಬಾ ನೋವಾಗುತ್ತದೆ. ಸೇರುವ ಮೊದಲೇ ಈ ಲೆಕ್ಕವನ್ನು ಯಾರಾದರೂ ಅವರ ಮುಂದೆ ಇಡಬೇಕಿತ್ತು.

ನಾನು ಕೊಟ್ಟ ಮೊದಲ ಸಲಹೆ ಇದು. ಒಂದು ಪತ್ರಿಕೆಯನ್ನು ಮುಂದಿನ ಸೆಮಿಸ್ಟರಿಗೆ ಹಾಕಿ. ಉಳಿದದ್ದಕ್ಕೆ ಗಡುವು ವಿಸ್ತರಣೆ ಕೇಳಿ, ಲಿಖಿತವಾಗಿ ಕೇಳಿ. ಮನೆಯವರ ಹತ್ತಿರ "ಸ್ವಲ್ಪ ಸಹಾಯ ಮಾಡಿ" ಎಂದರೆ ಕೆಲಸ ಆಗುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಆಗ ಯಾವ ಕೆಲಸ ಯಾರದ್ದು ಎಂದು ಕೂತು ಮಾತಾಡಿ. ಅವರು ಹಾಗೇ ಮಾಡಿದರು. ವಾರದ ನಡುವೆ ಎರಡು ಸಂಜೆ ಸಿಕ್ಕವು.

ಇದಕ್ಕಿಂತ ಮುಖ್ಯವಾದ ವಿಷಯ ಮಾತಿನ ನಡುವೆ ತಾನಾಗಿಯೇ ಹೊರಬಂತು. ಮೊದಲ ಸೆಮಿಸ್ಟರಿನ ಒಂದು ಅಸೈನ್‌ಮೆಂಟಿಗೆ ಅವರಿಗೆ ಕಡಿಮೆ ಅಂಕ ಬಂದಿತ್ತು. ಆಮೇಲಿಂದಲೇ ಬರೆಯಲು ಭಯ ಶುರುವಾಗಿತ್ತು. ಮಾರ್ಗದರ್ಶಕರು ಏನು ಬರೆದಿದ್ದರು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಅಂಕ ನೋಡಿ ಫೈಲ್ ಮುಚ್ಚಿದವರು ಮತ್ತೆ ತೆರೆದೇ ಇರಲಿಲ್ಲ. ನನ್ನ ಎದುರೇ ತೆರೆದು ಓದಿದರು. ಉದಾಹರಣೆಗಳು ಚೆನ್ನಾಗಿವೆ, ನಿಮ್ಮದೇ ತರಗತಿಯ ಅನುಭವವನ್ನು ಇನ್ನೂ ಜಾಸ್ತಿ ಬಳಸಿ ಎಂದು ಅದರಲ್ಲಿತ್ತು.

ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮಕ್ಕಳೂ ಹೀಗೇ ಮಾಡ್ತಾರೆ. ಅಂಕ ನೋಡಿ ಪೇಪರ್ ಮಡಚಿ ಇಟ್ಟುಬಿಡ್ತಾರೆ. ನಾನು ಕೆಂಪು ಪೆನ್ನಲ್ಲಿ ಬರೆದದ್ದನ್ನ ಒಬ್ಬರೂ ಓದಲ್ಲ" ಎಂದರು.

ಇಲ್ಲಿ ನಾನು ಶಿಕ್ಷಣ ಸಂಶೋಧಕಿ ರೂತ್ ಬಟ್ಲರ್ ಅವರ 1988ರ ಅಧ್ಯಯನವನ್ನು ನೆನಪಿಸಿದೆ. ಐದು ಮತ್ತು ಆರನೇ ತರಗತಿಯ ಮಕ್ಕಳಲ್ಲಿ ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ ಕೊಟ್ಟು ನೋಡಿದ್ದರು. ಬರೀ ಟಿಪ್ಪಣಿ ಸಿಕ್ಕ ಮಕ್ಕಳ ಕೆಲಸವೂ ಆಸಕ್ತಿಯೂ ಹೆಚ್ಚಿದವು. ಅಂಕದ ಜೊತೆ ಟಿಪ್ಪಣಿ ಕೊಟ್ಟಾಗ ಆ ಲಾಭ ಕಾಣಲಿಲ್ಲ. ಶಿಕ್ಷಕಿಗೆ ಇದು ತಮ್ಮ ತರಗತಿಯ ಕಥೆಯೇ ಅನ್ನಿಸಿತು. ಇದನ್ನೇ ಮುಂದಿನ ಅಸೈನ್‌ಮೆಂಟಿನ ವಿಷಯ ಮಾಡಿಕೊಳ್ಳಿ ಎಂದೆ.

ಕೆಲಸದಲ್ಲಿರುವ ಶಿಕ್ಷಕರಿಗೆ ನಾನು ಒತ್ತಿ ಹೇಳುವುದು ಇಷ್ಟು. ಕೋರ್ಸಿನ ಕೆಲಸ ಒಂದು ಕಡೆ, ಶಾಲೆಯ ಕೆಲಸ ಇನ್ನೊಂದು ಕಡೆ ಎಂದಿಟ್ಟುಕೊಂಡರೆ ಎರಡು ನೌಕರಿ ಮಾಡಿದಂತೆ ಆಗುತ್ತದೆ. ಕ್ರಿಯಾ ಸಂಶೋಧನೆಗೆ, ಅಂದರೆ ಶಿಕ್ಷಕರು ತಮ್ಮದೇ ತರಗತಿಯಲ್ಲಿ ಬದಲಾವಣೆ ಮಾಡಿ ನೋಡಿ ಅದನ್ನು ಅಧ್ಯಯನ ಮಾಡುವುದಕ್ಕೆ, ಅವಕಾಶವಿರುವ ಪತ್ರಿಕೆ ಆರಿಸಿಕೊಂಡರೆ ನಾಳೆ ಮಾಡಬೇಕಾದ ಪಾಠವೇ ಓದಿನ ಭಾಗವಾಗುತ್ತದೆ. ತರಗತಿ ದಿನವೂ ಕಣ್ಣೆದುರೇ ಇರುತ್ತದೆ. ಪೂರ್ಣಾವಧಿ ವಿದ್ಯಾರ್ಥಿಗೆ ಅದು ಸುಲಭಕ್ಕೆ ಸಿಗದು. ಟಿಪ್ಪಣಿ ಮಾತ್ರ ಕೊಡುವ ಪದ್ಧತಿಯ ಬಗ್ಗೆ ಅವರಿಗೆ ಅನುಮಾನ ಇತ್ತು. ಇರಲಿ, ಒಂದೇ ಘಟಕಕ್ಕೆ ಮಾಡಿ ನೋಡಿ ಎಂದೆ. ಶಿಕ್ಷಕರ ನಂಬಿಕೆ ಮೊದಲು ಬದಲಾಗಿ ಆಮೇಲೆ ಪಾಠ ಬದಲಾಗುವುದಲ್ಲ, ಮಕ್ಕಳ ಕಲಿಕೆ ಸುಧಾರಿಸಿದ್ದನ್ನು ಕಂಡ ಮೇಲೆಯೇ ನಂಬಿಕೆ ಬದಲಾಗುತ್ತದೆ ಎಂದು ಶಿಕ್ಷಣ ಸಂಶೋಧಕ ಥಾಮಸ್ ಗಸ್ಕಿ ವಾದಿಸಿದ್ದಾರೆ. ನನಗೂ ಅದು ಸರಿ ಅನ್ನಿಸುತ್ತದೆ.

ಒಂದು ಎಚ್ಚರಿಕೆಯನ್ನೂ ಹೇಳಿದೆ. ಮಕ್ಕಳ ಬರವಣಿಗೆಯನ್ನು ವರದಿಯಲ್ಲಿ ಬಳಸುವ ಮುಂಚೆ ಮುಖ್ಯೋಪಾಧ್ಯಾಯರ ಮತ್ತು ಪೋಷಕರ ಒಪ್ಪಿಗೆ ಪಡೆಯಿರಿ. ಮಕ್ಕಳ ಹೆಸರು ತೆಗೆದುಬಿಡಿ. ಬೇಡ ಎಂದ ಮಗುವಿಗೆ ಅದರಿಂದ ಯಾವ ತೊಂದರೆಯೂ ಆಗಬಾರದು.

ಇನ್ನು ಒಂಟಿತನ. ಸೇರಿದಾಗಿನಿಂದ ಒಬ್ಬ ಸಹಪಾಠಿಯ ಜೊತೆಗೂ ಮಾತಾಡಿರಲಿಲ್ಲ. ಮಾರ್ಗದರ್ಶಕರಿಗೆ ಒಂದು ಇಮೇಲ್ ಕೂಡ ಬರೆದಿರಲಿಲ್ಲ. ಪೆದ್ದು ಪ್ರಶ್ನೆ ಅಂದುಕೊಂಡಾರು ಎಂಬ ಸಂಕೋಚ. ಬುದ್ಧಿ ಸಾಲದೆ ಹೋದಾಗ ಮಾತ್ರ ವಿದ್ಯಾರ್ಥಿಗಳು ಓದು ಬಿಡುವುದಿಲ್ಲ, ಸಂಸ್ಥೆಯ ಜನರ ಜೊತೆ ನಂಟು ಬೆಳೆಯದಿದ್ದರೂ ಬಿಡುತ್ತಾರೆ ಎಂದು ಶಿಕ್ಷಣ ಸಂಶೋಧಕ ವಿನ್ಸೆಂಟ್ ಟಿಂಟೊ 1975ರಲ್ಲೇ ಬರೆದಿದ್ದರು. ದೂರಶಿಕ್ಷಣದಲ್ಲಿ ಆ ನಂಟನ್ನು ನಾವೇ ಕಟ್ಟಿಕೊಳ್ಳಬೇಕು. ಮಾರ್ಗದರ್ಶಕರಿಗೆ ಬರೆಯುವ ಮೂರು ಸಾಲನ್ನು ನಮ್ಮ ಕೋಣೆಯಲ್ಲೇ ಕೂತು ಸಿದ್ಧ ಮಾಡಿದೆವು. ಎರಡೇ ದಿನಕ್ಕೆ ಉತ್ತರ ಬಂತು. ಗಡುವೂ ವಿಸ್ತರಣೆ ಆಯಿತು. ಅದೇ ಪತ್ರಿಕೆ ಓದುತ್ತಿದ್ದ ಇನ್ನೊಬ್ಬ ಶಿಕ್ಷಕಿಯ ಪರಿಚಯವನ್ನೂ ಮಾರ್ಗದರ್ಶಕರೇ ಮಾಡಿಸಿದರು. ಇಬ್ಬರೂ ಈಗ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತಾರೆ.

ಮುಂದಿನ ಭೇಟಿಗಳಲ್ಲಿ ತರಗತಿಯ ಸುದ್ದಿಯೇ ಜಾಸ್ತಿ ಇರುತ್ತಿತ್ತು. ಬರೀ ಟಿಪ್ಪಣಿ ಇದ್ದ ಪೇಪರ್ ಕೈಗೆ ಬಂದಾಗ ಮಕ್ಕಳು ಮೊದಲು ಗಲಾಟೆ ಮಾಡಿದರಂತೆ. ಮೂರನೇ ಸಲದ ಹೊತ್ತಿಗೆ ಕೆಲವರು ಉತ್ತರ ತಿದ್ದಿಕೊಂಡು ತಂದು ತೋರಿಸಿದರಂತೆ. ಎಲ್ಲರೂ ಅಲ್ಲ. ಆ "ಎಲ್ಲರೂ ಅಲ್ಲ" ಎಂಬುದನ್ನೂ ವರದಿಯಲ್ಲಿ ಹಾಗೇ ಬರೆಯಿರಿ ಎಂದೆ. ಅವರು ಅಸೈನ್‌ಮೆಂಟ್ ಸಲ್ಲಿಸಿದರು. ಪತ್ರಿಕೆ ಪಾಸಾಯಿತು.

ಈ ಪದವಿಯಿಂದ ಬಡ್ತಿ ಸಿಗುತ್ತದೆಯೇ ಎಂಬ ಪ್ರಶ್ನೆ ಮಾತ್ರ ಬಾಕಿ ಇದೆ. ಅದಕ್ಕೆ ಇದನ್ನು ತಮ್ಮ ಶಾಲೆಯ ಆಡಳಿತ ಮಂಡಳಿ ಒಪ್ಪುತ್ತದೆಯೇ ಎಂದು ಅವರು ಸೇರುವಾಗ ಕೇಳಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದನ್ನು ನಂಬಿದ್ದರು. ವಿಶ್ವವಿದ್ಯಾಲಯದ ಮಾನ್ಯತೆಯ ದಾಖಲೆ ಲಗತ್ತಿಸಿ ಆಡಳಿತ ಮಂಡಳಿಗೆ ಪತ್ರ ಕೊಡಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ, ಮುಂದಿನ ಸೆಮಿಸ್ಟರಿನ ಶುಲ್ಕ ಆಮೇಲೆ ಕಟ್ಟಿ ಎಂದು ಹೇಳಿದ್ದೇನೆ. ಒಪ್ಪದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಇನ್ನೂ ಯೋಚಿಸುತ್ತಿದ್ದೇನೆ ಎಂದರು. ಪತ್ರ ಹೋಗಿದೆ, ಉತ್ತರ ಬಂದ ಮೇಲೆ ಮತ್ತೆ ಭೇಟಿಯಾಗುತ್ತೇವೆ.