ಕಾಫಿ ಏಕೆ ನಾರುತ್ತದೆ?

ಪ್ರಶ್ನೆ: 2021ರ ಮೇ ತಿಂಗಳಲ್ಲಿ ಕೋವಿಡ್ ಬಂದು ವಾಸನೆಯೇ ಹೋಯಿತು. ಮರಳಿದಾಗಿನಿಂದ ಕಾಫಿ ಸುಟ್ಟ ರಬ್ಬರಿನಂತೆ ನಾರುತ್ತಿದೆ. ಈರುಳ್ಳಿ ಹುರಿದರೆ ಅಡುಗೆಮನೆಯಲ್ಲಿ ನಿಲ್ಲಲಾಗದು. ಮನೆಯವರು ಭ್ರಮೆ ಎನ್ನುತ್ತಾರೆ. ಪರಿಹಾರವಿದೆಯೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಖಂಡಿತ ಭ್ರಮೆಯಲ್ಲ, ಮನೆಯವರಿಗೂ ಇದನ್ನು ಓದಿ ಹೇಳಿ. ಇದರ ಹೆಸರು ಪ್ಯಾರೋಸ್ಮಿಯಾ. ಮೂಗಿನ ಮೇಲ್ಭಾಗದಲ್ಲಿ ವಾಸನೆಯ ನರಕೋಶಗಳಿಗೆ ಆಸರೆಯಾಗಿರುವ ಕೋಶಗಳಿಗೆ ಕೊರೊನಾ ವೈರಾಣು ದಾಳಿ ಇಡುತ್ತದೆ. ಆಸರೆ ತಪ್ಪಿ ನರಕೋಶಗಳೂ ಸೊರಗುತ್ತವೆ. ಅವು ಮತ್ತೆ ಹುಟ್ಟಬಲ್ಲವು, ಆದರೆ ಮಿದುಳಿನೊಡನೆ ಸಂಪರ್ಕ ಅರೆಬರೆಯಾದರೆ ವಾಸನೆ ತಿರುಚಿಕೊಳ್ಳುತ್ತದೆ. ಹುರಿದ ಕಾಫಿ, ಈರುಳ್ಳಿ, ಬೆಳ್ಳುಳ್ಳಿಯಲ್ಲಿರುವ ಗಂಧಕಯುಕ್ತ ಅಣುಗಳೇ ಹೆಚ್ಚು ಕಾಡುವುದು.

ನನ್ನ ಬಳಿ ಬಂದ ಗೃಹಿಣಿಯೊಬ್ಬರು ಹಬ್ಬದ ದಿನವೂ ಪಂಕ್ತಿಯಲ್ಲಿ ಕೂರುವುದನ್ನು ಬಿಟ್ಟಿದ್ದರು. ಒಗ್ಗರಣೆ ಹಾಕುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ‘ಜೀವ ಉಳಿಯಿತಲ್ಲ, ಸಾಕು’ ಎನ್ನುವುದು ಇಂಥವರಿಗೆ ಗಾಯದ ಮೇಲೆ ಬರೆ ಎಳೆದಂತೆ. ದಯವಿಟ್ಟು ಯಾರೂ ಹಾಗೆ ಹೇಳಬೇಡಿ.

ಮೊದಲು ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ, ಮೂಗಿನೊಳಗೆ ಬೇರೆ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ವಾಸನೆಯ ತರಬೇತಿ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ ತೈಲ. ಬೆಳಿಗ್ಗೆ, ಸಂಜೆ ಒಂದೊಂದನ್ನೂ ಸುಮಾರು 20 ಸೆಕೆಂಡ್ ಗಮನವಿಟ್ಟು ಮೂಸಿ. ಕನಿಷ್ಠ 3 ತಿಂಗಳು ಬಿಡಬೇಡಿ. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದು ನಾನು ಭರವಸೆ ಕೊಡಲಾರೆ, ಆದರೆ ಅನೇಕರಿಗೆ ನಿಧಾನವಾಗಿ ಸುಧಾರಿಸುತ್ತದೆ. ಅಡುಗೆ ಅನಿಲ ಸೋರಿದರೆ ನಿಮಗೆ ತಿಳಿಯದೆ ಹೋಗಬಹುದು. ಸೋರಿಕೆ ಸೂಚಿಸುವ ಉಪಕರಣವನ್ನು ಈ ವಾರವೇ ಹಾಕಿಸಿ.