ನೈಟ್ ಶಿಫ್ಟ್ ಮಾಡೋರಿಗೆ ಪೇಲಿಯೋ ಊಟ ರೆಡಿಯಾಗಿ ಸಿಗುತ್ತಾ?

ಪೇಲಿಯೋ (ಧಾನ್ಯ, ಬೇಳೆಕಾಳು, ಹಾಲಿಂದು ಬಿಟ್ಟು ಮಾಂಸ, ಮೀನು, ಮೊಟ್ಟೆ, ತರಕಾರಿ ತಿನ್ನೋ ಪದ್ಧತಿ) ಶುರು ಮಾಡಿ ಮೂರು ವಾರ ಆಯ್ತು, ನೈಟ್ ಶಿಫ್ಟು, ಒಬ್ರೇ ರೂಮಲ್ಲಿದೀನಿ, ಅಡುಗೆಗೆ ಟೈಮೇ ಸಿಗ್ತಿಲ್ಲ, ಬೆಂಗಳೂರಲ್ಲಿ ರೆಡಿಯಾಗಿ ತಗೊಂಡು ತಿನ್ನೋ ಥರದ್ದು ಏನಿದೆ ಅಂತ ಕೇಳಿದೀರ. ನಾನು ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡೋನು, ತಿಂಗಳಿಗೆ ಹತ್ತು ಹನ್ನೆರಡು ನೈಟ್ ಬೀಳುತ್ತೆ, ಎರಡೂವರೆ ವರ್ಷದಿಂದ ಹೀಗೇ ತಿಂತಿದೀನಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ.

ಸಿಗುತ್ತೆ. ಆದ್ರೆ ಪೇಲಿಯೋ ಅಂತ ಬರೆದಿರೋ ಡಬ್ಬಿ ಹುಡುಕ್ಕೊಂಡು ಹೋಗ್ಬೇಡಿ. ನೀವು ಮಾಂಸ ಮೀನು ತಿಂತೀರ ಅಂದ್ರಲ್ಲ, ಹಾಗಿದ್ರೆ ಅರ್ಧ ಕೆಲಸ ಆದಂಗೆ. ನಮ್ಮ ಕಡೆ ಊಟದಲ್ಲಿ ಪೇಲಿಯೋ ಕೆಡೋದು ಮಾಂಸದಿಂದ ಅಲ್ಲ, ಗ್ರೇವಿ ಗಟ್ಟಿ ಆಗ್ಲಿ ಅಂತ ಏನು ಹಾಕ್ತಾರೆ, ಮೇಲೆ ಕೋಟಿಂಗ್‌ಗೆ ಏನು ಹಚ್ತಾರೆ, ಅದರಿಂದ. ನನಗೆ ಇದು ಗೊತ್ತಾಗೋಕೆ ಆರು ತಿಂಗಳು ಹಿಡೀತು.

ನಮ್ಮ ಆಸ್ಪತ್ರೆ ಹಿಂದಿನ ರಸ್ತೇಲಿ ಒಂದು ಮಿಲ್ಟ್ರಿ ಹೋಟ್ಲಿದೆ, ಮುದ್ದೆ ಬೇಡ ಅನ್ನ ಬೇಡ ಬರೀ ಚಾಪ್ಸ್ ಕೊಡಿ ಅಂತ ದಿನಾ ತಿಂತಿದ್ದೆ, ಇದಕ್ಕಿಂತ ಪೇಲಿಯೋ ಇನ್ನೇನಿದೆ ಅಂದ್ಕೊಂಡಿದ್ದೆ. ಒಂದಿನ ಬೆಳಗ್ಗೆ ರಶ್ ಕಮ್ಮಿ ಇತ್ತು, ಅಡುಗೆಯವರು ಹೊರಗೆ ನಿಂತಿದ್ರು, ಅಣ್ಣಾ ಮಸಾಲೆಗೆ ಏನೇನು ರುಬ್ತೀರ ಅಂತ ಕೇಳ್ದೆ. ಚಕ್ಕೆ ಲವಂಗ ಕೊತ್ತಂಬ್ರಿ ಕಾಯಿ ಎಲ್ಲಾ ಹೇಳಿ ಕೊನೇಲಿ "ಹುರಿಗಡ್ಲೆ ಸಾರ್, ಅದು ಹಾಕ್ದೇ ಇದ್ರೆ ಗಟ್ಟಿ ಬರಲ್ವಲ್ಲ" ಅಂದ್ರು. ಹುರಿಗಡ್ಲೆ ಅಂದ್ರೆ ಕಡಲೆ, ಬೇಳೆಕಾಳು, ಪೇಲಿಯೋದಲ್ಲಿ ಮೊದಲು ಬಿಡೋದೇ ಅದನ್ನ. ಆಮೇಲೆ ಅವರೇ ಹೇಳಿದ್ರು, ಪೆಪ್ಪರ್ ಡ್ರೈ ತಗೊಳ್ಳಿ, ಲಿವರ್ ಫ್ರೈ ತಗೊಳ್ಳಿ, ಅದಕ್ಕೆ ಈರುಳ್ಳಿ ಮೆಣಸು ಬಿಟ್ರೆ ಏನೂ ಹಾಕಲ್ಲ ಅಂತ. ಅವತ್ತಿಂದ ಅದೇ. ಕಾಲು ಸೂಪೂ ಅಲ್ಲಿ ತೆಳ್ಳಗೆ ಇರುತ್ತೆ, ಬೆಳಗ್ಗೆ ಎಂಟಕ್ಕೆಲ್ಲಾ ರೆಡಿ, ನೈಟ್ ಮುಗಿಸಿ ಬರೋರಿಗೆ ಅದಕ್ಕಿಂತ ಒಳ್ಳೇದು ನನಗೆ ಗೊತ್ತಿಲ್ಲ. ನೀವು ಹೋಗೋ ಹೋಟ್ಲಲ್ಲೂ ಹೀಗೇ ಕೇಳಿ, ಮರ್ಯಾದೆಯಿಂದ ಕೇಳಿದ್ರೆ ಯಾರೂ ಮುಚ್ಚಿಡಲ್ಲ.

ಇದೇ ಲೆಕ್ಕದಲ್ಲಿ ಉಳಿದಿದ್ದು ನೋಡ್ಕೊಳ್ಳಿ. ಕಬಾಬ್‌ಗೆ ಕಾರ್ನ್‌ಫ್ಲೋರ್, ಮೈದಾ. ತಂದೂರಿಗೆ ಮೊಸರು. ರವಾ ಫ್ರೈ ಬೇಡ, ಮಸಾಲೆ ಹಚ್ಚಿದ ತವಾ ಫ್ರೈ ಕೇಳಿ. ಚಿಕನ್ ಸುಕ್ಕ ಆಗುತ್ತೆ, ಕಾಯಿ ತಾನೇ. ಘೀ ರೋಸ್ಟ್‌ಗೆ ಮೊಸರು ಬೀಳುತ್ತೆ, ತುಪ್ಪದ ಬಗ್ಗೆ ಪೇಲಿಯೋದವರಲ್ಲೇ ಒಮ್ಮತ ಇಲ್ಲ, ನಾನು ತುಪ್ಪ ತಿಂತೀನಿ. ಇನ್ನೊಂದು, ಆ್ಯಪಲ್ಲಿ ಕೀಟೋ ಮೀಲ್ ಅಂತ ಇದ್ರೆ ಪೇಲಿಯೋ ಅಂದ್ಕೋಬೇಡಿ. ಕೀಟೋದವರಿಗೆ ಕಾರ್ಬ್ ಕಮ್ಮಿ ಇದ್ರೆ ಸಾಕು, ಪನೀರು ಕ್ರೀಮು ಚೀಸು ಎಲ್ಲಾ ನಡೆಯುತ್ತೆ. ನಮಗೆ ಹಾಲಿಂದು ಇಲ್ಲ, ಆದ್ರೆ ಗೆಣಸು ಧಾರಾಳವಾಗಿ ತಿನ್ನಬಹುದು.

ಅಂಗಡೀಲಿ ಸಿಗೋ ರೆಡಿ ಟು ಈಟ್ ಪೌಚ್ ಬಗ್ಗೇನೂ ಕೇಳಿದ್ರಿ. ಪ್ರಿಸರ್ವೇಟಿವ್ ಇರುತ್ತೆ ಅಂತ ಹೆದರ್ಕೋಬೇಡಿ. ಅದು ರಿಟಾರ್ಟ್ ಅನ್ನೋ ವಿಧಾನ, ಪೌಚ್ ಸೀಲ್ ಮಾಡಿ ಪ್ರೆಶರಲ್ಲಿ ಸುಮಾರು 121 ಡಿಗ್ರಿಗೆ ಕಾಯಿಸ್ತಾರೆ, ಒಳಗಿನ ಕ್ರಿಮಿಗಳೆಲ್ಲಾ ಸಾಯುತ್ತೆ, ಅದಕ್ಕೇ ಫ್ರಿಡ್ಜಿಲ್ದೇ ತಿಂಗಳುಗಟ್ಟಲೆ ಇರುತ್ತೆ. ನಮ್ಮ ಸೈನಿಕರಿಗೆ ಇಂಥ ಊಟ ರೂಪಿಸಿದ್ದು ಮೈಸೂರಿನ ಡಿಎಫ್‌ಆರ್‌ಎಲ್, 1961ರಲ್ಲಿ ಶುರುವಾದ ರಕ್ಷಣಾ ಇಲಾಖೆಯ ಆಹಾರ ಸಂಶೋಧನಾ ಲ್ಯಾಬು, ನನಗಂತೂ ಅದು ಹೆಮ್ಮೆ ವಿಷಯ. ಆದ್ರೆ ಅಂಗಡೀಲಿ ಸಿಗೋ ಪೌಚಲ್ಲಿ ಹೆಚ್ಚಿನವು ರಾಜ್ಮಾ, ದಾಲು, ಪನೀರು, ಬಿಸಿಬೇಳೆಬಾತು, ನಮಗೆ ಒಂದೂ ಆಗಲ್ಲ. ಫ್ರೋಜನ್ ಸಾಸೇಜು ನಗೆಟ್ಸೂ ಅಷ್ಟೇ, ಸೋಯಾ ಪ್ರೋಟೀನು ಸ್ಟಾರ್ಚು ಇದ್ದೇ ಇರುತ್ತೆ ಅಂದ್ಕೊಂಡು ಪ್ಯಾಕೆಟ್ ತಿರುಗಿಸಿ.

ತಿರುಗಿಸಿದ ತಕ್ಷಣ ಮೊದಲು ಅಲರ್ಜಿ ಸಾಲು ನೋಡಿ, ಗೋಧಿ ಹಾಲು ಸೋಯಾ ಕಡಲೆಕಾಯಿ ಇದ್ರೆ ಅಲ್ಲಿ ಬರೀಲೇಬೇಕು ಅಂತ ರೂಲ್ಸ್ ಇದೆ, ಐದು ಸೆಕೆಂಡಲ್ಲಿ ಗೊತ್ತಾಗೋಗುತ್ತೆ. ಆದ್ರೆ ಅಕ್ಕಿ, ಜೋಳದ ಸ್ಟಾರ್ಚು, ಕಡಲೆ ಹಿಟ್ಟು ಆ ಸಾಲಲ್ಲಿ ಬರಲ್ಲ, ಅದಕ್ಕೆ ಪೂರ್ತಿ ಪಟ್ಟೀನೂ ಓದ್ಬೇಕು. 1422, 1442 ಅಂತ ನಂಬರ್ ಕಂಡ್ರೆ ಅದು ಮಾಡಿಫೈಡ್ ಸ್ಟಾರ್ಚು, ಮತ್ತೆ ಅದೇ ಗಟ್ಟಿ ಮಾಡೋ ಸಾಮಾನು. ಅಂಗಡಿ ಇಂಗಲ್ಲೂ ಹಿಟ್ಟು ಬೆರೆಸಿರ್ತಾರೆ, ನಾನು ಅಷ್ಟು ಆಳಕ್ಕೆ ಹೋಗಲ್ಲ, ಒಗ್ಗರಣೇಲಿ ಎಷ್ಟು ತಾನೇ ಬೀಳುತ್ತೆ.

ನನಗೆ ಎಲ್ಲಕ್ಕಿಂತ ಕೈಹಿಡಿದಿದ್ದು ಕೊಡಗಿನ ಪಂದಿಕರಿ, ಅಂದ್ರೆ ಹಂದಿ ಮಾಂಸದ ಕರಿ. ನಮ್ಮ ಲ್ಯಾಬಲ್ಲಿ ವಿರಾಜಪೇಟೆ ಕಡೆ ಹುಡುಗಿ ಇದಾಳೆ, ಊರಿಂದ ಬರೋವಾಗ ಅವರಮ್ಮ ಸ್ಟೀಲ್ ಡಬ್ಬಿ ತುಂಬ ಕೊಟ್ಟು ಕಳಿಸ್ತಾರೆ. ಮೊದಲ ಸಲ ಮುಚ್ಚಳ ತೆಗೆದಾಗ ಮೇಲೆ ಬೆಳ್ಳಗೆ ಕೊಬ್ಬು ಹೆಪ್ಪುಗಟ್ಟಿತ್ತು, ಬಿಸಿ ಮಾಡಿದ ಮೇಲೆ ಕರಗಿ ಕಪ್ಪು ಮಸಾಲೆ ಹೊಳೆಯೋಕೆ ಶುರುವಾಯ್ತು, ವಾಸನೆಗೆ ಪಕ್ಕದ ರೂಮಿನವರೂ ಬಂದ್ರು. ಕೊತ್ತಂಬ್ರಿ ಬೀಜ, ಜೀರಿಗೆ, ಮೆಣಸು ಚೆನ್ನಾಗಿ ಕಪ್ಪಗೆ ಹುರಿದು ಪುಡಿ ಮಾಡಿ, ಕಾಚಂಪುಳಿ ಅನ್ನೋ ಕೊಡಗಿನ ಕಪ್ಪು ಹುಳಿ ಹಾಕ್ತಾರೆ, ಗಟ್ಟಿ ಮಾಡೋಕೆ ಬೇಳೆನೂ ಇಲ್ಲ ಹಿಟ್ಟೂ ಇಲ್ಲ. ಕಡುಬು ಬಿಟ್ಟು ಅದೊಂದೇ ತಿಂದ್ರೆ ಪಕ್ಕಾ ಪೇಲಿಯೋ. ಈಗ ಬೆಂಗಳೂರಲ್ಲೇ ಕೊಡವರು ಮನೇಲಿ ಮಾಡಿ ಆರ್ಡರ್ ಕೊಡ್ತಾರೆ, ನಾನು ತಿಂಗಳಿಗೆ ಎರಡು ಕೇಜಿ ತಗೊಂಡು ಸಣ್ಣ ಸಣ್ಣ ಡಬ್ಬಿ ಮಾಡಿ ಫ್ರೀಜರಲ್ಲಿ ಇಡ್ತೀನಿ. ಕೆಳಗೆ ಫ್ರಿಡ್ಜಲ್ಲಿ ಇಟ್ರೆ ಮೂರ್ನಾಲ್ಕು ದಿನದೊಳಗೆ ಮುಗಿಸಿ. ಹಸಿಕಾಯಿ ಹಾಕಿದ ಸಾರು ಅಷ್ಟೂ ದಿನ ಬೇಡ, ಬೇಗ ಹಳಸುತ್ತೆ.

ಏನೂ ಇಲ್ದಿರೋ ದಿನಕ್ಕೆ ಬ್ಯಾಗಲ್ಲಿ ನೀರಲ್ಲಿ ಹಾಕಿರೋ ಟ್ಯೂನಾ ಡಬ್ಬಿ (ಸೋಯಾ ಎಣ್ಣೇದು ಬೇಡ), ಮಂಗಳೂರು ಸ್ಟೋರಲ್ಲಿ ಸಿಗೋ ಒಣಸಿಗಡಿ ಚಟ್ನಿ, ನಾಲ್ಕು ಬೇಯ್ಸಿದ ಮೊಟ್ಟೆ, ಒಂದು ಗೆಣಸು, ಸೂಪರ್ ಮಾರ್ಕೆಟಿನ ಹೆಚ್ಚಿದ ತರಕಾರಿ. ಮೊಟ್ಟೆ ಒಂದಕ್ಕೆ ಆರು ಗ್ರಾಂ ಪ್ರೋಟೀನ್ ಸಿಗುತ್ತೆ, ರಾತ್ರಿ ಮೂರು ಗಂಟೆ ಹಸಿವಿಗೆ ಬನ್ನು ಬಿಸ್ಕೆಟ್ ಕಡೆ ಕೈ ಹೋಗಲ್ಲ.

ಶುಗರ್‌ಗೆ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ತಿದ್ರೆ ಮಾತ್ರ ದಯವಿಟ್ಟು ಡಾಕ್ಟರಿಗೆ ಹೇಳಿ ಮುಂದುವರಿಸಿ, ಅನ್ನ ಮುದ್ದೆ ಒಟ್ಟಿಗೇ ನಿಲ್ಸಿ ಅದೇ ಡೋಸ್ ತಗೊಂಡು ರಾತ್ರಿ ಶುಗರ್ 50ಕ್ಕೆ ಇಳಿದು ಬಂದವರ ರಿಪೋರ್ಟ್ ನಾನೇ ಮಾಡಿದೀನಿ. ನಿಮ್ಮ ಏರಿಯಾ ಯಾವುದು ಅಂತ ಕಾಮೆಂಟಲ್ಲಿ ಹಾಕಿ, ಆ ಕಡೆ ಪಂದಿಕರಿ ಮಾಡಿಕೊಡೋರು ಇದಾರಾ ಅಂತ ನಮ್ಮ ಹುಡುಗಿ ಹತ್ರ ಕೇಳಿ ಹೇಳ್ತೀನಿ.